ಕೊರೊನಾ ಬಂದಾಗ ಯುದ್ಧ ಯಾಕೆ ನಿಲ್ಲಲಿಲ್ಲ? ದಕ್ಷಿಣ ಸುಡಾನ್ ಬಗ್ಗೆ ತಿಳಿದವರು ಹೇಳಿ

ಪಾಠದಮನೆ
ಎಲ್ಲರಿಗೂ ನಮಸ್ಕಾರ. ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಈ ಸೆಮಿಸ್ಟರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆ ಬಗ್ಗೆ ಪಾಠ ಇದೆ. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಮೇಡಂ, ಕೊರೊನಾ ಬಂದಾಗ ಜಗತ್ತೇ ಬಾಗಿಲು ಹಾಕಿಕೊಂಡಿತ್ತಲ್ಲ, ಯುದ್ಧ ಮಾಡುವವರು ಯಾಕೆ ಸುಮ್ಮನೆ ಕೂರಲಿಲ್ಲ?"

ಪುಸ್ತಕದಲ್ಲಿ ಇರುವುದನ್ನು ಹೇಳಿದೆ. 2020ರ ಮಾರ್ಚ್ 23ರಂದು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಗುಟೆರೆಸ್ ಅವರು ಎಲ್ಲ ಕಡೆ ಕದನವಿರಾಮ ಆಗಲಿ ಎಂದು ಕರೆ ಕೊಟ್ಟರು. ಭದ್ರತಾ ಮಂಡಳಿ ಅದನ್ನು ಬೆಂಬಲಿಸಿ ನಿರ್ಣಯ ಮಾಡಿದ್ದು ಜುಲೈ 1ರಂದು. ನಡುವಿನ ಮೂರು ತಿಂಗಳು ಹೋಗಿದ್ದು ಅಮೆರಿಕ ಮತ್ತು ಚೀನಾ ಜಗಳದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರು ನಿರ್ಣಯದಲ್ಲಿ ಇರಬೇಕಾ ಬೇಡವಾ ಅಂತ!

ಆದರೆ ನನಗೆ ಬೇಕಿರುವುದು ನೆಲದ ಮೇಲೆ ಏನಾಯಿತು ಅನ್ನುವುದು. ದಕ್ಷಿಣ ಸುಡಾನ್‌ನನ್ನೇ ತಗೊಳ್ಳಿ. 2013ರಿಂದ ಹೊಡೆದಾಡಿಕೊಂಡವರು ಕೊನೆಗೂ 2020ರ ಫೆಬ್ರವರಿ 22ರಂದು ಒಟ್ಟಿಗೆ ಸರ್ಕಾರ ಮಾಡಿದರು. ಏಪ್ರಿಲ್ 5ಕ್ಕೆ ಅಲ್ಲಿ ಮೊದಲ ಕೊರೊನಾ ಕೇಸ್. ಆಮೇಲೆ ಅಲ್ಲಿ ಶಾಂತಿ ಕೆಲಸ ಹೇಗೆ ನಡೆಯಿತು? ಅಲ್ಲಿ ಇದ್ದವರು, ಓದಿದವರು ಇದ್ದರೆ ದಯವಿಟ್ಟು ಬರೆಯಿರಿ.

ಹುಬ್ಬಳ್ಳಿಹುಡುಗ
ಆ ಕರೆಗೆ ಯಾರೂ ಕಿವಿಗೊಡಲಿಲ್ಲ ಮೇಡಂ. ಅಷ್ಟೇ ಉತ್ತರ.

ದೋಹಾದಿಂದ
"ಯಾರೂ" ಅನ್ನುವುದು ಸರಿಯಲ್ಲ ಹುಬ್ಬಳ್ಳಿ ಅವರೇ. ಕೊಲಂಬಿಯಾದಲ್ಲಿ ಇಎಲ್‌ಎನ್ ಬಂಡುಕೋರರು 2020ರ ಏಪ್ರಿಲ್ ಪೂರ್ತಿ ತಾವಾಗಿಯೇ ಬಂದೂಕು ಕೆಳಗಿಟ್ಟರು. ಯೆಮೆನ್‌ನಲ್ಲಿ ಸೌದಿ ಕಡೆಯವರು ಎರಡು ವಾರದ ವಿರಾಮ ಸಾರಿದರು, ಆಮೇಲೆ ಇನ್ನೊಂದು ತಿಂಗಳು ಮುಂದುವರಿಸಿದರು. ಅಫ್ಘಾನಿಸ್ತಾನದಲ್ಲಿ ಈದ್‌ಗೆ ಮೂರು ದಿನ ಗುಂಡಿನ ಸದ್ದು ತಗ್ಗಿತು.

ಹುಬ್ಬಳ್ಳಿಹುಡುಗ
ಒಂದು ತಿಂಗಳು, ಎರಡು ವಾರ, ಮೂರು ದಿನ. ಇದಕ್ಕೆ ಶಾಂತಿ ಅಂತೀರಾ? ಇಎಲ್‌ಎನ್ ಮೇ ತಿಂಗಳಲ್ಲಿ ಮತ್ತೆ ಶುರು ಮಾಡಿತು. ಯೆಮೆನ್‌ನಲ್ಲಿ ಸೌದಿ ಕಡೆಯವರ ಎದುರಾಳಿ ಹೌತಿ ಬಂಡುಕೋರರು ವಿರಾಮಕ್ಕೆ ಒಪ್ಪಲೇ ಇಲ್ಲ, ಮಾರಿಬ್ ಕಡೆ ಕಾದಾಟ ನಡೆದೇ ಇತ್ತು.

ದೋಹಾದಿಂದ
ಶಾಂತಿ ಅಂತ ನಾನು ಹೇಳಲಿಲ್ಲ. ಕಿವಿಗೊಟ್ಟವರು ಇದ್ದರು ಅಂತ ಹೇಳಿದೆ. ಅದೇ ಯೆಮೆನ್‌ನಲ್ಲಿ 2020ರ ಅಕ್ಟೋಬರ್‌ನಲ್ಲಿ ಎರಡೂ ಕಡೆಯವರು ಸೇರಿ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಬಿಟ್ಟರು. ರೆಡ್ ಕ್ರಾಸ್ ವಿಮಾನಗಳಲ್ಲಿ ಮನೆಗೆ ಹೋದರು. ಆ ಸಾವಿರ ಮನೆಯವರಿಗೆ ಅದು ಚಿಕ್ಕ ವಿಷಯ ಅಲ್ಲ.

ನಿವೃತ್ತಸುಬೇದಾರ್
ಮೇಡಂ, ನಾನು ಆ ಸಮಯದಲ್ಲಿ ದಕ್ಷಿಣ ಸುಡಾನ್‌ನ ಬೋರ್‌ನಲ್ಲಿ ವಿಶ್ವಸಂಸ್ಥೆ ಶಾಂತಿಪಡೆಯ ನಮ್ಮ ಭಾರತೀಯ ಬೆಟಾಲಿಯನ್ ಜೊತೆ ಇದ್ದೆ. ಜೋಂಗ್ಲೆ ರಾಜ್ಯದ ರಾಜಧಾನಿ ಅದು, ನೈಲ್ ನದಿ ದಂಡೆಯ ಮೇಲಿದೆ. ನೋಡಿದ್ದನ್ನು ಬರೆಯುತ್ತೇನೆ.

ಮೊದಲನೆಯದು, ಮನೆಗೆ ಬರುವುದೇ ನಿಂತುಹೋಯಿತು. ಏಪ್ರಿಲ್ ಮೊದಲ ವಾರದಿಂದ ಜೂನ್ ಕೊನೆಯವರೆಗೆ ಎಲ್ಲ ದೇಶಗಳ ಪಡೆಗಳ ಬದಲಾವಣೆಯನ್ನು ವಿಶ್ವಸಂಸ್ಥೆ ನಿಲ್ಲಿಸಿತು. ಹೊಸಬರ ಜೊತೆ ರೋಗ ಬರಬಾರದು ಅಂತ. ಅದು ಸರಿಯಾದ ನಿರ್ಧಾರವೇ. ಆದರೆ ಊರಿನಲ್ಲಿ ಹೆಂಡತಿ ಮಕ್ಕಳು ಲಾಕ್‌ಡೌನ್‌ನಲ್ಲಿ, ನಾವು ಇಲ್ಲಿ. ಫೋನ್ ಸಿಕ್ಕರೆ ಸಿಕ್ಕಿತು.

ಎರಡನೆಯದು ನಿಮ್ಮ ಪ್ರಶ್ನೆಗೆ ಹತ್ತಿರದ್ದು. ಅಲ್ಲಿ ಶಾಂತಿ ಅನ್ನುವುದು ಕಾಗದದಲ್ಲಿ ಆಗುವುದಿಲ್ಲ. ಮರದ ಕೆಳಗೆ ಆಗುತ್ತದೆ. ಡಿಂಕಾ, ನುಯೆರ್, ಮುರ್ಲೆ ಅಂತ ಮೂರು ಜನಾಂಗ. ಒಬ್ಬರ ದನ ಇನ್ನೊಬ್ಬರು ಹೊಡೆದುಕೊಂಡು ಹೋದರು, ಮಕ್ಕಳನ್ನು ಎತ್ತಿಕೊಂಡು ಹೋದರು ಅಂದರೆ ಹಿರಿಯರನ್ನು ಕೂರಿಸಬೇಕು. ಅವರು ಬರುವುದಕ್ಕೆ ಎರಡು ದಿನ ನಡೆಯುತ್ತಾರೆ, ಇಲ್ಲವೇ ಹೆಲಿಕಾಪ್ಟರ್ ಕಳಿಸಬೇಕು. ಬಂದ ಮೇಲೆ ಕೈ ಕುಲುಕಬೇಕು, ಒಟ್ಟಿಗೆ ಊಟ ಮಾಡಬೇಕು, ಗಂಟೆಗಟ್ಟಲೆ ಕೂರಬೇಕು. ಕೊರೊನಾ ಬಂದಾಗ ಇದೆಲ್ಲ ಒಂದೇ ಏಟಿಗೆ ಬೇಡ ಅಂದುಬಿಟ್ಟೆವು.

ಒಂದು ಸಭೆ ನೆನಪಿದೆ. ತಗಡಿನ ಡ್ರಮ್ಮಿಗೆ ನಲ್ಲಿ ಕೂರಿಸಿ, ಪಕ್ಕದಲ್ಲಿ ಸೋಪು ಇಟ್ಟಿದ್ದೆವು. ಕುರ್ಚಿಗಳನ್ನು ದೂರ ದೂರ ಹಾಕಿದ್ದೆವು. ವಯಸ್ಸಾದ ಒಬ್ಬರು ಬಂದು ಕುರ್ಚಿಯನ್ನು ಎತ್ತಿಕೊಂಡು ನಮ್ಮ ಅಧಿಕಾರಿಯ ಪಕ್ಕಕ್ಕೇ ತಂದು ಹಾಕಿಕೊಂಡರು. ದುಭಾಷಿ ಮೂಲಕ ಹೇಳಿದರು: ಇಷ್ಟು ದೂರ ಕೂತು ಮಾತಾಡುವುದು ಜಗಳ ಆಡುವವರು. ಮಾಸ್ಕ್ ಹಾಕಿದ ಮುಖ ನೋಡಿ ಮಾತು ಶುರು ಮಾಡಲೂ ಅವರಿಗೆ ಇಷ್ಟ ಇರಲಿಲ್ಲ. ಅವರದು ತಪ್ಪು ಅಂತ ಹೇಗೆ ಹೇಳುವುದು?

ಪಾಠದಮನೆ
ಸುಬೇದಾರ್ ಸಾಹೇಬರೇ, ತುಂಬಾ ಧನ್ಯವಾದ. ನನಗೆ ಬೇಕಿದ್ದು ಇದೇ. ಆಗ ಜೋಂಗ್ಲೆಯಲ್ಲಿ ದೊಡ್ಡ ಗಲಾಟೆ ಆಯಿತಲ್ಲ, ಅದು ಸಭೆಗಳು ನಿಂತಿದ್ದರಿಂದಲೇ ಆಗಿದ್ದಾ?

ಧಾರವಾಡದಓದುಗ
ಇಲ್ಲಿ ಸ್ವಲ್ಪ ತಡೆಯಿರಿ. ಎಲ್ಲವನ್ನೂ ಕೊರೊನಾ ತಲೆಗೆ ಕಟ್ಟುವುದು ತಪ್ಪು. ಜೋಂಗ್ಲೆ ಮತ್ತು ಪಕ್ಕದ ಪಿಬೋರ್‌ನಲ್ಲಿ 2020ರ ಜನವರಿಯಿಂದ ಆಗಸ್ಟ್‌ವರೆಗೆ 700ಕ್ಕೂ ಹೆಚ್ಚು ಜನ ಸತ್ತರು ಅಂತ ವಿಶ್ವಸಂಸ್ಥೆಯೇ ಆಮೇಲೆ ವರದಿ ಮಾಡಿತು. ಶುರುವಾಗಿದ್ದು ಜನವರಿಯಲ್ಲಿ. ಆಗ ಅಲ್ಲಿ ಕೊರೊನಾ ಎಲ್ಲಿತ್ತು?

ಕಾರಣ ಬೇರೆ ಇದೆ. 2019ರ ಪ್ರವಾಹದಲ್ಲಿ ದನಗಳು ಸತ್ತವು. ಅಲ್ಲಿ ದನವೇ ದುಡ್ಡು, ಮದುವೆಗೆ ತೆರ ಕೊಡುವುದು ದನದಲ್ಲಿ. ದನ ಇಲ್ಲದ ಹುಡುಗನಿಗೆ ಮದುವೆ ಇಲ್ಲ. ಬೇಸಿಗೆ ಬಂತು, ದಾರಿ ಒಣಗಿತು, ದಾಳಿ ಶುರುವಾಯಿತು. ಅದೇ ಹೊತ್ತಿಗೆ ಹೊಸ ಸರ್ಕಾರಕ್ಕೆ ಅಂತ 32 ರಾಜ್ಯಗಳನ್ನು ತೆಗೆದು 10 ಮಾಡಿದರು. ಹಳೇ ರಾಜ್ಯಪಾಲರು ಹೋದರು, ಹೊಸಬರನ್ನು ಹಾಕಲಿಲ್ಲ. ಯಾವ ಪಕ್ಷಕ್ಕೆ ಯಾವ ರಾಜ್ಯ ಅಂತ ರಾಜಧಾನಿ ಜುಬಾದಲ್ಲಿ ತಿಂಗಳುಗಟ್ಟಲೆ ಚೌಕಾಸಿ. ಜೋಂಗ್ಲೆಗೆ ರಾಜ್ಯಪಾಲರು ಬಂದಿದ್ದು ಜುಲೈನಲ್ಲಿ. ಮೇ ತಿಂಗಳಲ್ಲಿ ಪಿಯೆರಿ ಊರಿನ ಮೇಲೆ ದಾಳಿಯಾಗಿ ನೂರಾರು ಜನ ಸತ್ತಾಗ ಕೇಳುವ ಅಧಿಕಾರಿಯೇ ಇರಲಿಲ್ಲ. ಇದು ವೈರಸ್ ಮಾಡಿದ್ದಲ್ಲ, ರಾಜಕಾರಣ ಮಾಡಿದ್ದು.

ನಿವೃತ್ತಸುಬೇದಾರ್
ರಾಜ್ಯಪಾಲರ ವಿಷಯ ನೂರಕ್ಕೆ ನೂರು ಸರಿ ಸರ್. ಯಾರಿಗೆ ಫೋನ್ ಮಾಡಬೇಕು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಆದರೆ ಕೊರೊನಾ ಏನೂ ಮಾಡಲಿಲ್ಲ ಅನ್ನಬೇಡಿ. ಬೇರೆ ವರ್ಷ ಆಗಿದ್ದರೆ ದಾಳಿ ಆಗುತ್ತದೆ ಅಂತ ಸುದ್ದಿ ಬಂದ ಕೂಡಲೇ ನಾಲ್ಕು ಜನ ಹಿರಿಯರನ್ನು ಹೆಲಿಕಾಪ್ಟರ್‌ನಲ್ಲಿ ಕರೆದುಕೊಂಡು ಹೋಗಿ ಮಾತಾಡಿಸಬಹುದಿತ್ತು. ಆ ವರ್ಷ ಓಡಾಟಕ್ಕೆ ಅನುಮತಿ ಪಡೆಯುವುದೇ ದೊಡ್ಡ ಕೆಲಸ. ನಾವು ಹೋದರೂ ಜನ ದೂರ ನಿಲ್ಲುತ್ತಿದ್ದರು. ರೋಗ ತಂದವರು ನೀವೇ ಅಂತ.

ಓದುಗಿಮೈಸೂರು
ಹಾಗೆ ಅನ್ನುವುದಕ್ಕೆ ಕಾರಣವೂ ಇತ್ತು ಅಲ್ವಾ ಸರ್? ಅಲ್ಲಿಯ ಮೊದಲ ಕೇಸೇ ವಿಶ್ವಸಂಸ್ಥೆಯ ಸಿಬ್ಬಂದಿ. ನೆದರ್ಲೆಂಡ್ಸ್‌ನಿಂದ ಇಥಿಯೋಪಿಯಾ ಮೇಲೆ ಬಂದವರು. ಅದರ ಮೇಲೆ ಹೈಟಿಯ ಕಥೆ ಎಲ್ಲರಿಗೂ ಗೊತ್ತು. 2010ರಲ್ಲಿ ಬಾಂಗ್ಲಾದೇಶದ ಶಾಂತಿಪಡೆ ಕ್ಯಾಂಪಿನಿಂದ ನದಿಗೆ ಕಾಲರಾ ಸೇರಿತು, ಸುಮಾರು ಹತ್ತು ಸಾವಿರ ಜನ ಹೋದರು. ಇಂಥದ್ದು ಒಮ್ಮೆ ಆದರೆ ನಂಬಿಕೆ ಮತ್ತೆ ಬರುವುದು ಸುಲಭ ಅಲ್ಲ.

ಧಾರವಾಡದಓದುಗ
ಬಾಂಗ್ಲಾದೇಶ ಅಲ್ಲ ಅಕ್ಕ, ನೇಪಾಳದ ಪಡೆ. ಉಳಿದದ್ದು ಸರಿ. ವಿಶ್ವಸಂಸ್ಥೆ ಹೈಟಿಯ ಜನರ ಹತ್ತಿರ ಕ್ಷಮೆ ಕೇಳಿದ್ದು 2016ರಲ್ಲಿ, ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹುದ್ದೆ ಬಿಡುವ ತಿಂಗಳು. ಆರು ವರ್ಷ ಬೇಕಾಯಿತು.

ಕರಾವಳಿಯಣ್ಣ
ನಾನು 2014ರಲ್ಲಿ ಲೈಬೀರಿಯಾದ ಮನ್ರೋವಿಯಾದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಎಬೋಲಾ ಕಾಲ. ಕೊರೊನಾ ಬಗ್ಗೆ ಮಾತಾಡುವಾಗ ಎಬೋಲಾ ಬಿಟ್ಟರೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅಲ್ಲಿ ವೆಸ್ಟ್ ಪಾಯಿಂಟ್ ಅಂತ ಒಂದು ಕೊಳೆಗೇರಿ ಇದೆ. ಸಮುದ್ರಕ್ಕೆ ಚಾಚಿಕೊಂಡ ಜಾಗ, ಹತ್ತಾರು ಸಾವಿರ ಜನ. ಆಗಸ್ಟ್ 20ರ ಬೆಳಿಗ್ಗೆ ಎದ್ದು ನೋಡಿದರೆ ಸುತ್ತ ಮುಳ್ಳುತಂತಿ, ಬಂದೂಕು ಹಿಡಿದ ಸೈನಿಕರು. ಯಾರಿಗೂ ಮೊದಲೇ ಹೇಳಿರಲಿಲ್ಲ. ಜನ ಕಲ್ಲು ಹೊಡೆದರು, ಸೈನಿಕರು ಗುಂಡು ಹಾರಿಸಿದರು. ಹದಿಹರೆಯದ ಒಬ್ಬ ಹುಡುಗ ಸತ್ತ. ಒಂದಲ್ಲ ಎರಡು ಅಂತರ್ಯುದ್ಧ ನೋಡಿದ ದೇಶ ಅದು, ಅವು ಮುಗಿದದ್ದು 2003ರಲ್ಲಿ. ಸೈನಿಕ ಅಂದರೆ ಜನಕ್ಕೆ ಏನು ನೆನಪಾಗುತ್ತದೆ ಯೋಚಿಸಿ. ನಮ್ಮ ಅಂಗಡಿ ಹುಡುಗರು ಆ ದಿನ ಕೆಲಸಕ್ಕೆ ಬರಲಿಲ್ಲ, ರೇಡಿಯೊ ಹಚ್ಚಿಕೊಂಡು ಕೂತಿದ್ದರು.

ಹತ್ತು ದಿನಕ್ಕೆ ಸರ್ಕಾರ ತಂತಿ ತೆಗೆಯಿತು. ಆಮೇಲೆ ಕೆಲಸ ಮಾಡಿದ್ದು ಯಾರು ಗೊತ್ತಾ? ಅದೇ ಏರಿಯಾದ ಹೆಂಗಸರು, ಯುವಕರು, ಪಾದ್ರಿಗಳು, ಇಮಾಮರು. ಮನೆ ಮನೆಗೆ ಹೋಗಿ ಯಾರಿಗೆ ಜ್ವರ ಇದೆ ಅಂತ ವಿಚಾರಿಸಿ, ಊಟ ಮುಟ್ಟಿಸಿದರು. ಸೈನ್ಯ ಮಾಡಲಾಗದ್ದನ್ನು ಅವರು ಮಾಡಿದರು.

2020ರಲ್ಲಿ ಹಳೇ ಸಹೋದ್ಯೋಗಿ ಫೋಟೊ ಕಳಿಸಿದ. ಎಲ್ಲ ಅಂಗಡಿ ಮುಂದೆ ನಲ್ಲಿ ಹಾಕಿದ ಬಕೆಟ್ ಮತ್ತೆ ಬಂದು ಕೂತಿತ್ತು. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಓದುಗಿಮೈಸೂರು
ಅಣ್ಣ, ನೀವು ಇಮಾಮರು ಅಂದಿರಿ, ಅದಕ್ಕೆ ಇದು ನೆನಪಾಯಿತು. ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹೆಣಗಳನ್ನು ಮೊದಲು ಚೀಲದಲ್ಲಿ ಹಾಕಿ, ಮನೆಯವರಿಗೆ ತೋರಿಸದೆ ಹೂಳುತ್ತಿದ್ದರು. ಜನ ಹೆಣ ಬಚ್ಚಿಟ್ಟರು, ರೋಗ ಜಾಸ್ತಿ ಆಯಿತು. ಆಮೇಲೆ ಎರಡೂ ಧರ್ಮದ ಹಿರಿಯರನ್ನು ಕೂರಿಸಿ ಮಾತಾಡಿದರು. ದೂರದಿಂದ ನೋಡಬಹುದು, ಪ್ರಾರ್ಥನೆ ಮಾಡಬಹುದು, ಬಿಳಿ ಬಟ್ಟೆ ಹೊದಿಸುತ್ತಾರೆ, ಸಮಾಧಿಗೆ ಹೆಸರು ಇರುತ್ತದೆ. ಜನ ತಾವಾಗಿಯೇ ಫೋನ್ ಮಾಡಲು ಶುರು ಮಾಡಿದರು.

ಇದಕ್ಕೆ ಪೂರ್ತಿ ಉಲ್ಟಾ ನಮ್ಮ ಪಕ್ಕದ ಶ್ರೀಲಂಕಾ. 2020ರಲ್ಲಿ ಕೊರೊನಾದಿಂದ ಸತ್ತವರನ್ನೆಲ್ಲ ಸುಡಲೇಬೇಕು ಅಂತ ನಿಯಮ ಮಾಡಿದರು. ಹೂಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರೂ ಕೇಳಲಿಲ್ಲ. ಇಪ್ಪತ್ತು ದಿನದ ಒಂದು ಮುಸ್ಲಿಂ ಮಗುವನ್ನೂ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಸುಟ್ಟರು. ಜನ ಸ್ಮಶಾನದ ಬೇಲಿಗೆ ಬಿಳಿ ಬಟ್ಟೆ ಕಟ್ಟಿ ಪ್ರತಿಭಟಿಸಿದರು. ನಿಯಮ ತೆಗೆದಿದ್ದು 2021ರ ಫೆಬ್ರವರಿಯಲ್ಲಿ. ಇಪ್ಪತ್ತಾರು ವರ್ಷದ ಯುದ್ಧ, 2019ರ ಈಸ್ಟರ್ ಬಾಂಬ್, ಅದರ ಮೇಲೆ ಇದು. ಗಾಯಕ್ಕೆ ಉಪ್ಪು ಸವರುವುದು ಅಂದರೆ ಇದೇ. ನನಗೆ ಇದನ್ನು ಓದಿದಾಗ ಆದ ಸಿಟ್ಟು ಇನ್ನೂ ಇಳಿದಿಲ್ಲ.

ಹುಬ್ಬಳ್ಳಿಹುಡುಗ
ಇದು ಗೊತ್ತಿರಲಿಲ್ಲ. ಓದಿ ಬೇಜಾರಾಯಿತು.

ಒಂದು ಕೇಳಬೇಕಿತ್ತು. ಸುಡಾನ್ ಅಂದರೆ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಹಾಕಿಕೊಂಡಿದ್ದ ದೇಶ ತಾನೇ? ಅದೇನಾ ಇದು?

ಧಾರವಾಡದಓದುಗ
ಅದು ಸುಡಾನ್, ಇದು ದಕ್ಷಿಣ ಸುಡಾನ್. 2011ರಲ್ಲಿ ಬೇರೆಯಾದವು. ಹಕ್ಕಿಪಿಕ್ಕಿಯವರು ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಹೋಗಿ 2023ರ ಏಪ್ರಿಲ್‌ನಲ್ಲಿ ಅಲ್ ಫಶೀರ್ ಊರಲ್ಲಿ ಸಿಕ್ಕಿಕೊಂಡರು. ಆಪರೇಷನ್ ಕಾವೇರಿಯಲ್ಲಿ ಕರೆತಂದರು.

ಆದರೆ ನಮ್ಮ ಚರ್ಚೆಗೂ ಅದಕ್ಕೂ ಸಂಬಂಧ ಇದೆ. ಸುಡಾನ್ ಸರ್ಕಾರ ಮತ್ತು ದಾರ್ಫುರ್ ಕಡೆಯ ಬಂಡುಕೋರರು ಶಾಂತಿ ಒಪ್ಪಂದ ಮಾಡಿಕೊಂಡಿದ್ದು 2020ರ ಅಕ್ಟೋಬರ್ 3ರಂದು, ಕೊರೊನಾ ನಡುವೆ. ಎಲ್ಲಿ? ದಕ್ಷಿಣ ಸುಡಾನ್‌ನ ಜುಬಾದಲ್ಲಿ! ತಮ್ಮ ಮನೆಯಲ್ಲೇ ಬೆಂಕಿ ಇದ್ದವರು ಪಕ್ಕದವರ ಜಗಳ ಬಿಡಿಸಿದರು. ಅದು ದೊಡ್ಡ ಕೆಲಸವೇ. ಆದರೆ ಸಹಿ ಹಾಕಿದವರು ಬಂದೂಕು ಇದ್ದವರು ಮಾತ್ರ. ಬೀದಿಗಿಳಿದು ಸರ್ವಾಧಿಕಾರಿ ಬಷೀರ್‌ನನ್ನು ಇಳಿಸಿದ ಹೆಂಗಸರು, ವಿದ್ಯಾರ್ಥಿಗಳಿಗೆ ಸರಿಯಾದ ಜಾಗ ಸಿಗಲಿಲ್ಲ. ಒಂದು ವರ್ಷಕ್ಕೆ ಸೇನೆ ಅಧಿಕಾರ ಕಿತ್ತುಕೊಂಡಿತು, 2023ಕ್ಕೆ ಯುದ್ಧ.

ಮಡಿಕೇರಿಯಿಂದ
ವಿಷಯ ಸ್ವಲ್ಪ ಆಚೆ ಹೋದರೆ ಕ್ಷಮಿಸಿ. ಶಾಂತಿಪಾಲನೆ ಪಾಠ ಅಂದಿರಿ, ನಮ್ಮ ತಿಮ್ಮಯ್ಯನವರನ್ನು ಹೇಳದೆ ಹೋಗಬೇಡಿ ಮೇಡಂ. ಕೊರಿಯಾ ಯುದ್ಧ ಮುಗಿದಾಗ ಕೈದಿಗಳನ್ನು ವಾಪಸ್ ಕಳಿಸುವ ತಟಸ್ಥ ಆಯೋಗಕ್ಕೆ ಅವರೇ ಅಧ್ಯಕ್ಷರು. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ದಂಡನಾಯಕರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ಹೆಸರಲ್ಲಿ ಅಂಚೆಚೀಟಿ ತಂದಿದೆ.

ದೋಹಾದಿಂದ
ಆಚೆ ಏನೂ ಹೋಗಿಲ್ಲ. ಅದೇ ಸೈಪ್ರಸ್‌ನಲ್ಲಿ ಗ್ರೀಕ್ ಮತ್ತು ತುರ್ಕಿ ಭಾಗಗಳ ನಡುವಿನ ದಾರಿಗಳು 2003ರಲ್ಲಿ ತೆರೆದಿದ್ದವು. 2020ರ ಫೆಬ್ರವರಿ 29ರಂದು ಕೊರೊನಾ ಹೆಸರಲ್ಲಿ ನಾಲ್ಕು ದಾರಿ ಮುಚ್ಚಿದರು, ಆಮೇಲೆ ಉಳಿದವನ್ನೂ ಮುಚ್ಚಿದರು. ಎರಡೂ ಕಡೆಯ ಜನ ಗೇಟಿನ ಬಳಿ ಬಂದು ಪ್ರತಿಭಟಿಸಿದರು. ಪೂರ್ತಿ ತೆರೆದಿದ್ದು 2021ರ ಜೂನ್‌ನಲ್ಲಿ. ಮುಚ್ಚುವುದು ಒಂದು ದಿನದ ಕೆಲಸ, ತೆರೆಯಲು ವರ್ಷ ಮೇಲಾಯಿತು.

ಹಾಸನದಪಶುವೈದ್ಯ
ನಾನು ಪಶುವೈದ್ಯ, ರಾಜಕೀಯ ಹೆಚ್ಚು ಗೊತ್ತಿಲ್ಲ. ಸುಬೇದಾರ್ ಸರ್‌ಗೆ ಒಂದು ಪ್ರಶ್ನೆ. ದಕ್ಷಿಣ ಸುಡಾನ್‌ನಲ್ಲಿ ನಮ್ಮ ಸೇನೆಯ ಪಶುವೈದ್ಯರು ಆಸ್ಪತ್ರೆ ನಡೆಸುತ್ತಾರೆ ಅಂತ ಓದಿದ್ದೇನೆ. ಕೊರೊನಾ ಕಾಲದಲ್ಲಿ ಅದು ನಡೆಯಿತಾ?

ನಿವೃತ್ತಸುಬೇದಾರ್
ಮಲಕಾಲ್‌ನಲ್ಲಿ ದೊಡ್ಡ ಪಶು ಆಸ್ಪತ್ರೆ ಇದೆ ಡಾಕ್ಟ್ರೇ. ಜನರ ಗುಂಪು ಕೂಡಿಸುವುದು ಕಷ್ಟ ಆದಾಗಲೂ ದನದ ಕೆಲಸಕ್ಕೆ ಯಾರೂ ಬೇಡ ಅನ್ನಲಿಲ್ಲ. ನಾನೇ ನೋಡಿದ್ದು ಹೇಳುತ್ತೇನೆ. ಸಂಜೆ ಹೊತ್ತು ದನದ ಬೀಡಿನಲ್ಲಿ ಸಗಣಿ ಬೆರಣಿ ಹೊಗೆ ಹಾಕಿರುತ್ತಾರೆ, ಸೊಳ್ಳೆ ನೊಣ ಬಾರದ ಹಾಗೆ. ಅದರ ಬೂದಿಯನ್ನು ಹುಡುಗರು ಮೈಗೆ ಬಳಿದುಕೊಳ್ಳುತ್ತಾರೆ. ದನಗಳ ಕೊಂಬು ನಮ್ಮ ಅಮೃತಮಹಲ್‌ಗಿಂತ ದೊಡ್ಡದು. ನಾವು ಗನ್ ಹಿಡಿದು ಹೋದರೆ ಹುಡುಗರು ಎದ್ದು ಆಚೆ ಹೋಗುತ್ತಿದ್ದರು. ಪಶುವೈದ್ಯರು ಜೊತೆಗಿದ್ದರೆ ಅವರೇ ಕೈ ಹಿಡಿದು ಕರೆದುಕೊಂಡು ಹೋಗಿ ಕಾಯಿಲೆ ಬಿದ್ದ ಹೋರಿ ತೋರಿಸುತ್ತಿದ್ದರು. ಆ ಮಾತಿನ ನಡುವೆಯೇ ಯಾರು ಯಾರ ಮೇಲೆ ಹೋಗುತ್ತಾರೆ ಅನ್ನುವ ಸುದ್ದಿಯೂ ಸಿಗುತ್ತಿತ್ತು.

ಹಾಸನದಪಶುವೈದ್ಯ
ನಮ್ಮ ಕಡೆಯೂ ಅಷ್ಟೇ ಸರ್. ಕಾಲುಬಾಯಿ ಲಸಿಕೆಗೆ ಹೋದರೆ ಮನೆಯ ಎಲ್ಲ ಸುದ್ದಿ ಗೊತ್ತಾಗುತ್ತದೆ. ಆ ದೇಶಕ್ಕೆ ಇನ್ನೂ ಹತ್ತು ಪಶು ಆಸ್ಪತ್ರೆ ಕಟ್ಟಿಕೊಟ್ಟರೆ ಗನ್ನಿಗಿಂತ ಜಾಸ್ತಿ ಕೆಲಸ ಆಗುತ್ತದೆ ಅನ್ನುವುದು ನನ್ನ ನಂಬಿಕೆ.

ಬೆಂಗಳೂರುಲೆಕ್ಕಿಗ
ಕಟ್ಟಲು ದುಡ್ಡು ಯಾರು ಕೊಡುತ್ತಾರೆ? ಇದನ್ನು ಯಾರೂ ಮಾತಾಡುತ್ತಿಲ್ಲ. ಕೊರೊನಾ ಬಂದಾಗ ಶ್ರೀಮಂತ ದೇಶಗಳು ಮೊದಲು ಕತ್ತರಿಸಿದ್ದು ಇಂಥ ಹಣವನ್ನೇ. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ 0.7% ಹಣ ಬಡ ದೇಶಗಳಿಗೆ ಕೊಡುತ್ತಿತ್ತು, 2020ರ ನವೆಂಬರ್‌ನಲ್ಲಿ ಅದನ್ನು 0.5%ಕ್ಕೆ ಇಳಿಸುವುದಾಗಿ ಹೇಳಿತು. ಯೆಮೆನ್ ಪಾಲು ಮುಂದಿನ ವರ್ಷವೇ ಇಳಿಯಿತು. ಮಾಸ್ಕ್, ವೆಂಟಿಲೇಟರ್‌ಗೆ ದುಡ್ಡು ಸಿಗುತ್ತದೆ, ಎಣಿಸಿ ತೋರಿಸಬಹುದು. ಹಿರಿಯರನ್ನು ಮರದ ಕೆಳಗೆ ಕೂರಿಸಿದ್ದಕ್ಕೆ ಬಿಲ್ ಹೇಗೆ ಹಾಕುತ್ತೀರಿ?

2020ರ ನೊಬೆಲ್ ಶಾಂತಿ ಪ್ರಶಸ್ತಿ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಬಂತು. ನನ್ನ ಪ್ರಕಾರ ಅದು ಸರಿಯಾದ ಆಯ್ಕೆ. ಹಸಿದವರ ಹತ್ತಿರ ಶಾಂತಿ ಮಾತು ನಡೆಯುವುದಿಲ್ಲ.

ಹುಬ್ಬಳ್ಳಿಹುಡುಗ
ನಮ್ಮ ದೇಶದಲ್ಲೇ ಆಗ ಆಕ್ಸಿಜನ್ ಇರಲಿಲ್ಲ. ಬೇರೆಯವರ ಜಗಳಕ್ಕೆ ನಾವು ಯಾಕೆ ದುಡ್ಡು, ಜನ ಕಳಿಸಬೇಕು? ಕೇಳಲೇಬೇಕಾದ ಪ್ರಶ್ನೆ ಇದು, ಬೈಯಬೇಡಿ.

ದೋಹಾದಿಂದ
ಬೈಯುವುದಿಲ್ಲ. ಆದರೆ ಭಾರತ 2020ರಲ್ಲಿ ಕಾಂಗೊದ ಗೋಮಾ ಮತ್ತು ದಕ್ಷಿಣ ಸುಡಾನ್‌ನ ಜುಬಾದ ಶಾಂತಿಪಡೆ ಆಸ್ಪತ್ರೆಗಳಿಗೆ ತಲಾ 15 ಜನರ ವೈದ್ಯಕೀಯ ತಂಡ ಕಳಿಸಿತು. ಮುಂದಿನ ವರ್ಷ ಶಾಂತಿಪಾಲಕರಿಗೆ ಅಂತ 2 ಲಕ್ಷ ಡೋಸ್ ಲಸಿಕೆ ಕೊಟ್ಟಿತು. ಆ ಆಸ್ಪತ್ರೆಗಳಲ್ಲಿ ಮಲಗಿದವರಲ್ಲಿ ನಮ್ಮ ಊರಿನ ಹುಡುಗರೂ ಇದ್ದರು. ನಮ್ಮ ಸೈನಿಕರು ಅಲ್ಲಿರುವ ತನಕ ಅದು ಬೇರೆಯವರ ಜಗಳ ಮಾತ್ರ ಅಲ್ಲ.

ಓದುಗಿಮೈಸೂರು
ಗೋಮಾ ಅಂದಿರಿ. ಕಾಂಗೊದ ಆ ಭಾಗದಲ್ಲಿ 2018ರಿಂದ 2020ರ ಜೂನ್‌ವರೆಗೆ ಎಬೋಲಾ ಇತ್ತು, 2,287 ಜನ ಸತ್ತರು. ಬೇನಿ, ಬುಟೆಂಬೊ ಊರುಗಳಲ್ಲಿ ಎಬೋಲಾ ಇದೆ ಅಂತ 2018ರ ಡಿಸೆಂಬರ್‌ನಲ್ಲಿ ಚುನಾವಣೆಯನ್ನೇ ಮುಂದೂಡಿದರು. ಮಾರುಕಟ್ಟೆ, ಚರ್ಚ್ ಎಲ್ಲ ತೆರೆದಿತ್ತು, ಮತ ಹಾಕುವುದು ಮಾತ್ರ ಬೇಡ! ಜನ ಎಬೋಲಾ ಕೇಂದ್ರದ ಮೇಲೇ ನುಗ್ಗಿದರು. ಮುಂದೆ ಆಸ್ಪತ್ರೆಯ ಮೇಲೆ ದಾಳಿಯಾಗಿ ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯರೊಬ್ಬರು ಸತ್ತರು. ಅದೇ ಬುಟೆಂಬೊದಲ್ಲಿ 2022ರಲ್ಲಿ ನಮ್ಮ ಬಿಎಸ್‌ಎಫ್‌ನ ಇಬ್ಬರು ಹೋದರು. ರೋಗ ತಡೆಯುವ ಕೆಲಸದಲ್ಲಿ ರಾಜಕೀಯ ಬೆರೆಸಿದರೆ ಕೊನೆಗೆ ಅನುಭವಿಸುವುದು ನರ್ಸ್, ಡಾಕ್ಟರ್, ಪೇದೆ.

ಪಾಠದಮನೆ
ಎಲ್ಲರ ಮಾತೂ ಬರೆದುಕೊಳ್ಳುತ್ತಿದ್ದೇನೆ. ಸುಬೇದಾರ್ ಸಾಹೇಬರೇ, ಪಿಯೆರಿ ಆಮೇಲೆ ಏನಾಯಿತು? ಅಲ್ಲಿಗೇ ಬಿಟ್ಟರೆ ಹುಡುಗಿ ಬಿಡುವುದಿಲ್ಲ.

ನಿವೃತ್ತಸುಬೇದಾರ್
ನಾನು ವಾಪಸ್ ಬಂದ ಮೇಲೆ ಆಗಿದ್ದು, ಗೆಳೆಯರಿಂದ ಮತ್ತು ಸುದ್ದಿಯಿಂದ ತಿಳಿದಿದ್ದು. 2021ರಲ್ಲಿ ಅದೇ ಪಿಯೆರಿಯಲ್ಲಿ ಮೂರೂ ಜನಾಂಗದವರು ಕೂತರು. ದಾಳಿ ಆದ ಊರಿಗೇ ಬಂದು ಕೂತರು ಮೇಡಂ. ಎತ್ತಿಕೊಂಡು ಹೋಗಿದ್ದ ಹೆಂಗಸರನ್ನು, ಮಕ್ಕಳನ್ನು ಮರಳಿಸುವುದಾಗಿ ಒಪ್ಪಂದ ಆಯಿತು, ಒಂದಷ್ಟು ಜನ ಮನೆಗೆ ಬಂದರು. ಆಮೇಲೆಯೂ ದಾಳಿ ಪೂರ್ತಿ ನಿಂತಿಲ್ಲ. ಆದರೂ ಬಂದ ಮಕ್ಕಳು ಬಂದರು.

ಧಾರವಾಡದಓದುಗ
ಕೊರೊನಾ ಹೆಸರಲ್ಲಿ ತಳ್ಳಿದ ಕೆಲಸ ಇನ್ನೊಂದಿದೆ, ಅದನ್ನೂ ಬರೆದುಕೊಳ್ಳಿ. ದಕ್ಷಿಣ ಸುಡಾನ್‌ನಲ್ಲಿ ಮೊದಲು ಹೊಡೆದಾಡಿಕೊಂಡ ಎರಡೂ ಕಡೆಯ ಪಡೆಗಳನ್ನು ಸೇರಿಸಿ 83,000 ಜನರ ಒಂದೇ ಸೇನೆ ಮಾಡಬೇಕಿತ್ತು. ತರಬೇತಿ ಕ್ಯಾಂಪುಗಳಲ್ಲಿ ಅನ್ನ ಇಲ್ಲ, ಔಷಧಿ ಇಲ್ಲ, ಹುಡುಗರು ಬಿಟ್ಟು ಓಡಿದರು. ಮೊದಲ ತಂಡ ಹೊರಬಂದಿದ್ದು 2022ರ ಆಗಸ್ಟ್‌ನಲ್ಲಿ. ರೋಗ ಒಳ್ಳೆ ನೆಪ ಆಯಿತು.

ಕರಾವಳಿಯಣ್ಣ
ಸುಬೇದಾರ್ ಸರ್, ನಿಮ್ಮ ದುಭಾಷಿಗಳು ಯಾರು? ಲಾಕ್‌ಡೌನ್‌ನಲ್ಲಿ ಅವರು ಬರುತ್ತಿದ್ದರಾ?

ನಿವೃತ್ತಸುಬೇದಾರ್
ಬೋರ್‌ನ ಹುಡುಗರೇ ಅಣ್ಣ. ಡಿಂಕಾ, ನುಯೆರ್, ಜುಬಾ ಅರೇಬಿಕ್, ಇಂಗ್ಲಿಷ್ ಎಲ್ಲ ಬರುತ್ತಿತ್ತು. ಒಂದು ದಿನವೂ ತಪ್ಪಿಸಲಿಲ್ಲ. ವಿದೇಶಿ ಸಿಬ್ಬಂದಿ ತುಂಬಾ ಜನ ವಿಮಾನ ಸಿಕ್ಕ ಕೂಡಲೇ ಹೋದರು, ಇವರು ಎಲ್ಲಿಗೆ ಹೋಗುತ್ತಾರೆ? ಒಬ್ಬ ಹುಡುಗ ವಿಶ್ವಸಂಸ್ಥೆಯ ರೇಡಿಯೊ ಮಿರಾಯಾದಲ್ಲಿ ಕೊರೊನಾ ಬಗ್ಗೆ ಬಂದ ಮಾತನ್ನು ಕೇಳಿಕೊಂಡು ಬಂದು, ಸಂತೆಯಲ್ಲಿ ಮುದುಕಿಯರಿಗೆ ತಾನೇ ಹೇಳುತ್ತಿದ್ದ. ನಾವು ಕೇಳಿಕೊಂಡಿರಲಿಲ್ಲ. ಮೇಡಂ, ಸಾಧ್ಯವಾದರೆ ಕ್ಲಾಸಿನಲ್ಲಿ ಇವರ ಬಗ್ಗೆಯೂ ಹೇಳಿ. ಪುಸ್ತಕದಲ್ಲಿ ಇವರು ಎಲ್ಲೂ ಬರುವುದಿಲ್ಲ.

ಪಾಠದಮನೆ
ಖಂಡಿತ ಹೇಳುತ್ತೇನೆ. ಸೋಮವಾರ ಮೊದಲ ಪೀರಿಯಡ್ ನನ್ನದೇ. ನೀವು ಒಪ್ಪಿದರೆ ಹತ್ತು ನಿಮಿಷ ಫೋನಿನಲ್ಲಿ ಮಕ್ಕಳ ಜೊತೆ ಮಾತಾಡುತ್ತೀರಾ?

ನಿವೃತ್ತಸುಬೇದಾರ್
ಹತ್ತು ಗಂಟೆ ಮೇಲೆ ಆದರೆ ಆಗಲಿ ಮೇಡಂ. ಅದಕ್ಕೆ ಮೊದಲು ಡೈರಿಗೆ ಹಾಲು ಹಾಕಬೇಕು.